ಕುಕ್ಕರಿನ ಮೇಲೆ ಹೊರಿಸಿದ ಸುಳ್ಳು

ಕೆಲವು ವರ್ಷಗಳಿಂದ ಕರ್ನಾಟಕದ ಮನೆಮನೆಗಳಲ್ಲಿ ಒಂದು ಮಾತು ಪ್ರಶ್ನೆಯೇ ಇಲ್ಲದೆ ಓಡಾಡುತ್ತಿದೆ: ಕುಕ್ಕರಿನಲ್ಲಿ ಬೆಂದದ್ದು ಸತ್ವ ಸತ್ತ ಅಡುಗೆ. ವಾಟ್ಸ್‌ಆ್ಯಪ್‌ನಲ್ಲಿ ಬೆಳಗಿನ ಶುಭಾಶಯದ ಬೆನ್ನಿಗೇ ಇದು ಬರುತ್ತದೆ. ಯೂಟ್ಯೂಬಿನ ಆರೋಗ್ಯ ಗುರುಗಳು ಇದನ್ನೇ ಹೇಳುತ್ತಾರೆ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತವರೂ ಹೇಳುತ್ತಾರೆ. ಮಣ್ಣಿನ ಮಡಕೆಯಲ್ಲಿ, ಸಣ್ಣ ಉರಿಯಲ್ಲಿ, ಗಂಟೆಗಟ್ಟಲೆ ಬೆಂದದ್ದೊಂದೇ ಊಟ, ಮಿಕ್ಕಿದ್ದೆಲ್ಲ ರೋಗಕ್ಕೆ ದಾರಿ ಎನ್ನುವುದು ಈ ವಾದದ ತೀರ್ಪು. ಎಲೆಕ್ಟ್ರಿಕ್ ಪ್ರೆಷರ್ ಕುಕ್ಕರ್ ಅಡುಗೆಮನೆಗೆ ಕಾಲಿಟ್ಟ ಮೇಲಂತೂ ಆರೋಪಪಟ್ಟಿ ಇನ್ನೂ ಉದ್ದವಾಗಿದೆ. ಒತ್ತಡದ ಜೊತೆಗೆ ಕರೆಂಟು ಸೇರಿತು, ಗುಂಡಿ ಒತ್ತಿ ಅಡುಗೆ ಮಾಡುವ ಸೋಮಾರಿತನವೂ ಸೇರಿತು.

ಈ ಮಾತು ತಪ್ಪು. ಅದರ ಭಾರ ಬೀಳುವುದು ಯಾರ ಮೇಲೆ ಎಂದು ನೋಡಿದರೆ ಕ್ರೂರವೂ ಹೌದು.

ಮೊದಲು ಪಾತ್ರೆಯೊಳಗೆ ಆಗುವುದೇನು ಎಂದು ನೋಡಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಲ್ಲ, ಸುಮಾರು 97ರಲ್ಲಿ. ಮಡಿಕೇರಿಯಲ್ಲಿ ಅದಕ್ಕಿಂತಲೂ ಒಂದು ಡಿಗ್ರಿ ಕಡಿಮೆ. ತೆರೆದ ಪಾತ್ರೆಯಲ್ಲಿ ಎಷ್ಟೇ ಉರಿ ಹಾಕಿದರೂ ನೀರು ಆ ಗೆರೆ ದಾಟುವುದಿಲ್ಲ, ಹೆಚ್ಚಿನ ಉರಿಯೆಲ್ಲ ಆವಿಯಾಗಿ ಹೋಗುತ್ತದೆ. ಮುಚ್ಚಳ ಬಿಗಿದು ಆವಿಯನ್ನು ತಡೆದರೆ ಒತ್ತಡ ಏರುತ್ತದೆ, ಅದರೊಂದಿಗೆ ಕುದಿಯುವ ಬಿಂದುವೂ ಏರುತ್ತದೆ. ಗ್ಯಾಸ್ ಒಲೆಯ ಕುಕ್ಕರಿನಲ್ಲಿ ಅದು ಸುಮಾರು 120 ಡಿಗ್ರಿಗೆ ಹೋಗುತ್ತದೆ. ಎಲೆಕ್ಟ್ರಿಕ್ ಕುಕ್ಕರಿನ ಒತ್ತಡ ಇದಕ್ಕಿಂತ ತುಸು ಕಡಿಮೆ, ಹಾಗಾಗಿ ಅದರೊಳಗಿನ ಶಾಖ ಸುಮಾರು 115ರಿಂದ 118 ಡಿಗ್ರಿ. ಇಷ್ಟೇ ವ್ಯತ್ಯಾಸ. ಇಪ್ಪತ್ತು ಡಿಗ್ರಿ ಹೆಚ್ಚು ಶಾಖ, ಅದಕ್ಕೆ ಪ್ರತಿಯಾಗಿ ಮೂರರಲ್ಲೊಂದು ಪಾಲಿಗೂ ಇಳಿಯುವ ಸಮಯ.

ಇದೇನು ನಿನ್ನೆ ಮೊನ್ನೆ ಯಾವುದೋ ಕಂಪನಿ ಹುಟ್ಟಿಸಿದ ಮಾಯೆಯೂ ಅಲ್ಲ. ಫ್ರಾನ್ಸಿನ ಡೆನಿ ಪಪಾಂ ಎಂಬ ವೈದ್ಯ 1679ರಲ್ಲೇ ಬಿಗಿ ಮುಚ್ಚಳದ ಪಾತ್ರೆಯೊಂದನ್ನು ಮಾಡಿ, ಅದರಲ್ಲಿ ಗಟ್ಟಿ ಎಲುಬುಗಳನ್ನು ಮೆತ್ತಗೆ ಬೇಯಿಸಿ ಲಂಡನ್ನಿನ ರಾಯಲ್ ಸೊಸೈಟಿಯವರಿಗೆ ತೋರಿಸಿದ್ದ. ಹೆಚ್ಚಾದ ಆವಿ ಹೊರಹೋಗುವ ಸುರಕ್ಷಾ ವಾಲ್ವ್ ಕೂಡ ಅವನದೇ ಯೋಚನೆ. 1959ರ ಹೊತ್ತಿಗೆ ಭಾರತದಲ್ಲೇ ಕುಕ್ಕರ್ ತಯಾರಿಕೆ ಶುರುವಾಗಿತ್ತು. ಶಾಖ ಮತ್ತು ಒತ್ತಡವನ್ನು ತಾನೇ ಅಳೆದು ಕರೆಂಟನ್ನು ನಿಯಂತ್ರಿಸುವ ಎಲೆಕ್ಟ್ರಿಕ್ ಕುಕ್ಕರಿಗೆ ಚೀನಾದ ವಿಜ್ಞಾನಿ ಯೊಂಗ್‌ಗುವಾಂಗ್ ವಾಂಗ್ 1991ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಕೆನಡಾದ ರಾಬರ್ಟ್ ವಾಂಗ್ 2010ರಲ್ಲಿ ಮಾರುಕಟ್ಟೆಗೆ ತಂದ ಇನ್‌ಸ್ಟಂಟ್ ಪಾಟ್ ಅದನ್ನು ಜಗತ್ತಿನ ಮನೆಮಾತಾಗಿಸಿತು.

ಈಗ ಸತ್ವದ ಮಾತು. 118 ಡಿಗ್ರಿಯಲ್ಲಿ ಸತ್ವ ಸಾಯುವುದಾದರೆ ಜೋಳದ ರೊಟ್ಟಿಯ ಕಥೆ ಏನು? ಹೆಂಚಿನ ಶಾಖ 200 ಡಿಗ್ರಿ ದಾಟಿರುತ್ತದೆ. ಉದ್ದಿನ ವಡೆ ಕರಿಯುವ ಎಣ್ಣೆ 170ರಿಂದ 180 ಡಿಗ್ರಿ. ಸಾರಿನ ಒಗ್ಗರಣೆಯೂ ಅದೇ ಶಾಖದಲ್ಲಿ ಸಿಡಿಯುತ್ತದೆ. ಇವುಗಳನ್ನು ಯಾರೂ ಸತ್ತ ಅಡುಗೆ ಎಂದು ಕರೆದಿಲ್ಲ, ಕರೆಯಬೇಕಾಗಿಯೂ ಇಲ್ಲ. ಅದೇ ನ್ಯಾಯ ಕುಕ್ಕರಿಗೂ ಸಲ್ಲಬೇಕು. ಕಬ್ಬಿಣ, ಕ್ಯಾಲ್ಸಿಯಂ, ಸತು ಇವೆಲ್ಲ ಮೂಲಧಾತುಗಳು. ಯಾವ ಅಡುಗೆಮನೆಯ ಶಾಖವೂ ಅವನ್ನು ನಾಶ ಮಾಡಲಾರದು. ಪ್ರೋಟೀನು ಬೆಂದಾಗ ರೂಪ ಬದಲಿಸುತ್ತದೆ, ಹಾಗೆ ಬದಲಾದ ಮೇಲೆಯೇ ನಮ್ಮ ಹೊಟ್ಟೆಗೆ ಚೆನ್ನಾಗಿ ಜೀರ್ಣವಾಗುತ್ತದೆ. ಶಾಖಕ್ಕೆ ನಿಜಕ್ಕೂ ಅಂಜುವುದು ಸಿ ಜೀವಸತ್ವ, ಒಂದಿಷ್ಟು ಮಟ್ಟಿಗೆ ಬಿ ಗುಂಪಿನ ಕೆಲವು. ಒಣಗಿದ ತೊಗರಿಬೇಳೆಯಲ್ಲಿ ಸಿ ಜೀವಸತ್ವ ಇರುವುದೇ ಇಲ್ಲವೆನ್ನುವಷ್ಟು ಕಡಿಮೆ. ಊಟದಲ್ಲಿ ಅದು ಬರುವುದು ಕೊನೆಗೆ ಹಿಂಡುವ ನಿಂಬೆಹಣ್ಣಿನಿಂದ, ಮೇಲೆ ಉದುರಿಸುವ ಕೊತ್ತಂಬರಿಯಿಂದ, ಹಸಿ ಕೋಸಂಬರಿಯಿಂದ. ಇವು ಕುಕ್ಕರಿನೊಳಗೆ ಹೋಗುವುದೇ ಇಲ್ಲ.

ಬಿ ಜೀವಸತ್ವಗಳು ಕಳೆದುಹೋಗುವುದು ಎರಡು ದಾರಿಯಲ್ಲಿ: ಹೆಚ್ಚು ಹೊತ್ತು ಕುದಿಸುವುದರಿಂದ, ಬೇಯಿಸಿದ ನೀರನ್ನು ಚೆಲ್ಲುವುದರಿಂದ. ಕುಕ್ಕರು ಹೊತ್ತನ್ನು ಮೊಟಕು ಮಾಡುತ್ತದೆ. ನೀರು ಚೆಲ್ಲುವ ಪ್ರಶ್ನೆ ಹುಳಿಗೆ, ಸಾರಿಗೆ, ಬಸ್ಸಾರಿಗೆ ಬರುವುದೇ ಇಲ್ಲ. ಬಸಿದ ಕಟ್ಟೇ ಅಲ್ಲಿ ಊಟದ ಜೀವಾಳ. ಇನ್ನು ಬಯಲುಸೀಮೆಯ ಹಿರಿಯರಿಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿ ಇದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಆ ನೀರಿನ ಸುಣ್ಣದ ಅಂಶ ಕಾಳಿನ ಪೆಕ್ಟಿನ್ನನ್ನು ಹಿಡಿದು ಗಟ್ಟಿ ಮಾಡುತ್ತದೆ. ಗಂಟೆ ಕಳೆದರೂ ಬೇಳೆ ಬೇಳೆಯಾಗಿಯೇ ಉಳಿದಾಗ ತೆರೆದ ಪಾತ್ರೆಗೆ ಒಂದು ಚಿಟಿಕೆ ಅಡುಗೆ ಸೋಡಾ ಬೀಳುತ್ತಿತ್ತು. ಸೋಡಾದಿಂದ ಬೇಳೆ ಕರಗುವುದೇನೋ ನಿಜ, ಆದರೆ ಬಿ-1 ಜೀವಸತ್ವವನ್ನು ಹಾಳುಮಾಡಲು ಅದಕ್ಕಿಂತ ಖಚಿತವಾದ ಉಪಾಯ ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಕುಕ್ಕರು ಆ ಸೋಡಾವನ್ನು ಬೇಡವಾಗಿಸಿತು. ಈ ಲೆಕ್ಕವನ್ನು ಮಡಕೆಯ ವಕೀಲರು ಎಂದೂ ಎತ್ತುವುದಿಲ್ಲ.

ಇನ್ನೆರಡು ಆರೋಪಗಳು ಎಷ್ಟು ಹಬ್ಬಿವೆಯೆಂದರೆ ಅವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬೇಳೆ ಕುದಿಯುವಾಗ ಬರುವ ನೊರೆಯಲ್ಲಿ ಯೂರಿಕ್ ಆಮ್ಲವಿದೆ, ಕುಕ್ಕರಿನಲ್ಲಿ ಅದನ್ನು ತೆಗೆಯಲಾಗದು, ಆದ್ದರಿಂದ ಮಂಡಿನೋವು ಎಂಬುದು ಒಂದು. ಆ ನೊರೆ ಪ್ರೋಟೀನು, ಪಿಷ್ಟ ಮತ್ತು ಸಪೋನಿನ್ ಎಂಬ ಸಸ್ಯವಸ್ತುವಿನಿಂದಾದದ್ದು. ಯೂರಿಕ್ ಆಮ್ಲ ತಯಾರಾಗುವುದು ನಮ್ಮ ಮೈಯೊಳಗೆ. ಬೇಳೆಯ ನೊರೆಯಲ್ಲಿ ಅದು ತೇಲುತ್ತಿರುವುದಿಲ್ಲ. ಇನ್ನೊಂದು, ಕುಕ್ಕರಿನ ಅನ್ನದಲ್ಲಿ ಗಂಜಿ ಉಳಿಯುವುದರಿಂದ ಸಕ್ಕರೆ ಕಾಯಿಲೆ ಬರುತ್ತದೆ ಎನ್ನುವುದು. ಅಕ್ಕಿಯ ಬಹುಪಾಲು ಪಿಷ್ಟವೇ. ಬಸಿದ ಗಂಜಿಯಲ್ಲಿ ಹೋಗುವುದು ಅದರ ಒಂದು ಸಣ್ಣ ಪಾಲು, ಅದರ ಜೊತೆಗೆ ಹೋಗುವುದು ಅದೇ ಬಿ ಜೀವಸತ್ವಗಳು. ಬಸಿದ ಅನ್ನವೆಂದು ನಂಬಿ ಎರಡು ಸೌಟು ಹೆಚ್ಚು ಬಡಿಸಿಕೊಂಡರೆ ರಕ್ತದ ಸಕ್ಕರೆ ಏರಿಯೇ ಏರುತ್ತದೆ. ಸಕ್ಕರೆ ಕಾಯಿಲೆಯವರು ನೋಡಬೇಕಾದದ್ದು ತಟ್ಟೆಯಲ್ಲಿ ಅನ್ನವೆಷ್ಟು, ಕಾಳು ಸೊಪ್ಪು ಎಷ್ಟು ಎಂಬುದನ್ನು. ಪಾತ್ರೆಯನ್ನು ದೂರಿದರೆ ಆ ಪ್ರಮಾಣ ಬದಲಾಗುವುದಿಲ್ಲ.

ಮಡಕೆಯ ಪರವಾಗಿರುವವರ ಕೈಯಲ್ಲಿ ಒಂದು ಗಟ್ಟಿ ದಾಖಲೆಯಿದೆ ಎನ್ನುವುದನ್ನು ಒಪ್ಪಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಮಣ್ಣಿನ ಪಾತ್ರೆಗಳನ್ನು ಅತ್ಯಂತ ಸುರಕ್ಷಿತ ಎಂದು ಹೊಗಳಿತು. ಆ ಸುದ್ದಿ ಎಲ್ಲ ಕಡೆ ಹರಿದಾಡಿತು. ಅದೇ ಮಾರ್ಗಸೂಚಿ ಬೇಳೆಕಾಳುಗಳ ಬಗ್ಗೆ ಇನ್ನೊಂದು ಮಾತನ್ನೂ ಹೇಳಿದೆ: ಕುದಿಸುವುದು ಅಥವಾ ಪ್ರೆಷರ್ ಕುಕ್ಕರಿನಲ್ಲಿ ಬೇಯಿಸುವುದು ಅವುಗಳ ಪೌಷ್ಟಿಕ ಗುಣ ಹೆಚ್ಚಿಸಲು ಒಳ್ಳೆಯ ವಿಧಾನ, ಏಕೆಂದರೆ ಜೀರ್ಣಕ್ಕೆ ಅಡ್ಡಿಮಾಡುವ ಅಂಶಗಳು ಆಗ ನಾಶವಾಗುತ್ತವೆ. ನೀರು ಅತಿಯಾಗದಿರಲಿ, ಅತಿಯಾಗಿ ಬೇಯಿಸಬೇಡಿ ಎಂಬ ಎಚ್ಚರಿಕೆಯೂ ಅಲ್ಲಿದೆ. ಮೊದಲ ಮಾತು ಮನೆಮನೆಗೆ ಮುಟ್ಟಿತು, ಎರಡನೆಯದು ಮುಟ್ಟಲಿಲ್ಲ. ಒಂದೇ ಪುಸ್ತಕದ ಒಂದು ಸಾಲನ್ನು ಹಿಡಿದು ಇನ್ನೊಂದನ್ನು ಮುಚ್ಚಿಡುವುದು ಆರೋಗ್ಯ ಪ್ರಚಾರವಲ್ಲ, ವಂಚನೆ.

ಸಣ್ಣ ಉರಿಯೇ ಸದಾ ಶ್ರೇಷ್ಠ ಎಂಬ ನಂಬಿಕೆಯಲ್ಲಿ ನೇರ ಅಪಾಯವೂ ಇದೆ. ರಾಜ್ಮಾದಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ವಿಷವಸ್ತುವಿದೆ. ಚೆನ್ನಾಗಿ ಕುದಿದರೆ ಅದು ನಾಶವಾಗುತ್ತದೆ. ಕುದಿಯುವ ಮಟ್ಟ ಮುಟ್ಟದೆ 80 ಡಿಗ್ರಿಯ ಆಸುಪಾಸಿನಲ್ಲೇ ಗಂಟೆಗಟ್ಟಲೆ ಇಟ್ಟರೆ ಹಸಿ ಕಾಳಿಗಿಂತಲೂ ಹೆಚ್ಚು ವಿಷಕಾರಿಯಾಗಬಹುದು. ತಿಂದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ. ಎಲೆಕ್ಟ್ರಿಕ್ ಕುಕ್ಕರುಗಳಲ್ಲಿ ಕೆಲವಕ್ಕೆ ಸ್ಲೋ ಕುಕ್ ಎಂಬ ಗುಂಡಿಯೂ ಇರುತ್ತದೆ. ರಾಜ್ಮಾಕ್ಕೆ ಆ ಗುಂಡಿಯನ್ನು ಮುಟ್ಟಲೇಬಾರದು. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಒತ್ತಡದಲ್ಲಿ ಬೇಯಿಸಬೇಕು.

ಇಷ್ಟೆಲ್ಲ ಗೊತ್ತಿದ್ದರೂ ಮಡಕೆಯ ವಾದ ಯಾಕೆ ಇಷ್ಟು ಹಿತವಾಗಿ ಕೇಳಿಸುತ್ತದೆ? ಅದರೊಳಗೆ ಅಜ್ಜಿ ಇದ್ದಾಳೆ. ಅಜ್ಜಿಯ ಕೈಯಡುಗೆಯ ನೆನಪು ಎಲ್ಲರಿಗೂ ಪ್ರೀತಿಯದು. ಆದರೆ ಆ ಅಡುಗೆಯ ಹಿಂದಿದ್ದ ದುಡಿಮೆಯನ್ನು ಅಳೆದು ಬರೆದವರೂ ಇದೇ ನಾಡಿನಲ್ಲಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಶಕ್ತಿ ಬಳಕೆಯ ಅಧ್ಯಯನ ನಡೆಸಿತು. ಊರಿನ ಇಂಧನದಲ್ಲಿ ಸಿಂಹಪಾಲು ಅಡುಗೆ ಒಲೆಗೇ ಹೋಗುತ್ತಿತ್ತು. ಸೌದೆ ಆಯುವುದು, ಹೊರುವುದು, ನೀರು ತರುವುದು, ಬೇಯಿಸುವುದು ಬಹುಮಟ್ಟಿಗೆ ಹೆಂಗಸರ ಮತ್ತು ಮಕ್ಕಳ ಪಾಲಿನದಾಗಿತ್ತು. ಹೊಗೆ ಹೊರಹೋಗುವ ಕೊಳವೆಯಿದ್ದು ಕಡಿಮೆ ಸೌದೆಯಲ್ಲಿ ಉರಿಯುವ ಅಸ್ತ್ರ ಒಲೆ ಹುಟ್ಟಿದ್ದು ಆ ಕಾಳಜಿಯಿಂದಲೇ. ಒಲೆಯ ಹೊಗೆ ಇಂದಿಗೂ ಕೊಲ್ಲುತ್ತಿದೆ: 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅಜ್ಜಿ ಮಡಕೆಯಲ್ಲಿ ಬೇಯಿಸಿದಳು, ಏಕೆಂದರೆ ಆಕೆಗೆ ಬೇರೆ ದಾರಿ ಇರಲಿಲ್ಲ. ಕೈಗೆ ಕುಕ್ಕರು ಸಿಕ್ಕ ದಿನ ಎಷ್ಟೋ ಅಜ್ಜಿಯರು ಅದನ್ನು ಸಂತೋಷದಿಂದಲೇ ಬಳಸಿದರು.

ಈಗಿನ ಲೆಕ್ಕವೂ ಹೆಚ್ಚು ಬದಲಾಗಿಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಾರೆ. ತೊಡಗುವ ಗಂಡಸರ ಸರಾಸರಿ 97 ನಿಮಿಷ. ಅಂಥ ಕೆಲಸಕ್ಕೆ ಕೈಹಾಕುವವರೇ ಹೆಂಗಸರಲ್ಲಿ ನೂರಕ್ಕೆ 81 ಮಂದಿಯಾದರೆ ಗಂಡಸರಲ್ಲಿ 26 ಮಂದಿ. 2024ರ ಸಮೀಕ್ಷೆಯಲ್ಲಿ ಹೆಂಗಸರ ಸರಾಸರಿ 289 ನಿಮಿಷಕ್ಕೆ ಇಳಿಯಿತು. ಐದು ವರ್ಷಕ್ಕೆ ಹತ್ತು ನಿಮಿಷದ ಬಿಡುಗಡೆ. ಬೇಳೆಯನ್ನು ಮಡಕೆಯಲ್ಲೇ ಬೇಯಿಸಬೇಕು ಎಂದು ಉಪದೇಶಿಸುವವರು ಆ ಹೆಚ್ಚುವರಿ ಗಂಟೆಯನ್ನು ಯಾರ ದಿನದಿಂದ ಕಿತ್ತುಕೊಳ್ಳುತ್ತಿದ್ದಾರೆ ಎಂಬುದಕ್ಕೆ ಈ ಅಂಕಿಗಳೇ ಉತ್ತರ.

ವಾರದ ದಿನದ ಸಂಜೆಯನ್ನು ಕಣ್ಣಮುಂದೆ ತಂದುಕೊಳ್ಳಿ. ವೈಟ್‌ಫೀಲ್ಡಿನಲ್ಲಿ ಕೆಲಸ ಮುಗಿಸಿ ನೇರಳೆ ಮೆಟ್ರೊ ಹಿಡಿದು ವಿಜಯನಗರದಲ್ಲಿ ಇಳಿಯುವ ಹೆಣ್ಣುಮಗಳು ಮನೆ ಸೇರುವಾಗ ಎಂಟು ಗಂಟೆ. ಮಕ್ಕಳಿಗೆ ಹಸಿವು, ಅತ್ತೆಗೆ ಮಾತ್ರೆಯ ಹೊತ್ತು. ಆ ಗಳಿಗೆಯಲ್ಲಿ ಕುಕ್ಕರಿಗೆ ಎದುರಾಗಿ ನಿಂತಿರುವುದು ಮಡಕೆಯಲ್ಲ, ಸ್ವಿಗ್ಗಿಯ ಪಾರ್ಸೆಲ್ಲು ಮತ್ತು ಎರಡು ನಿಮಿಷದ ನೂಡಲ್ಸು. ಈ ಸತ್ಯವನ್ನು ಮರೆತ ಯಾವ ಆರೋಗ್ಯ ಚರ್ಚೆಗೂ ಅರ್ಥವಿಲ್ಲ. ಮಡಕೆ ಬೇಕೇಬೇಕು ಎಂಬ ಹಟ ಆ ಮನೆಗೆ ಮಡಕೆಯ ಅಡುಗೆಯನ್ನು ತರುವುದಿಲ್ಲ. ಇದ್ದ ಬೇಳೆಕಾಳನ್ನೂ ವಾರದ ರಾತ್ರಿಗಳಿಂದ ಓಡಿಸುತ್ತದೆ.

ಅದೇ ಮನೆಯಲ್ಲಿ ಹುರುಳಿಕಾಳಿನ ಬಸ್ಸಾರು ಆಗುವ ಬಗೆ ನೋಡಿ. ಬೆಳಿಗ್ಗೆ ಹೊರಡುವ ಮುಂಚೆ ಕಾಳು ಆರಿಸಿ ತೊಳೆದು, ಎಲೆಕ್ಟ್ರಿಕ್ ಕುಕ್ಕರಿನ ಒಳಪಾತ್ರೆಯಲ್ಲೇ ನೀರು ಹಾಕಿ ನೆನೆಯಲು ಬಿಡುವುದು. ಹೊತ್ತು ಗೊತ್ತುಮಾಡುವ ಗುಂಡಿಯಲ್ಲಿ ಸಂಜೆ ಏಳು ಗಂಟೆಗೆ ಶುರುವಾಗುವಂತೆ ಇಡುವುದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮಾತ್ರ ಇದು ಬೇಡ. ಹತ್ತು ಗಂಟೆ ನೆನೆದ ಕಾಳಿಗೆ ಹುಳಿ ವಾಸನೆ ಬಂದೀತು, ಅಲ್ಲಿ ಫ್ರಿಜ್ಜಿನಲ್ಲಿ ನೆನೆಸುವುದು ಒಳ್ಳೆಯದು. ಏಳಕ್ಕೆ ಕುಕ್ಕರು ಕಾಯುತ್ತದೆ, ಹತ್ತು ಹನ್ನೆರಡು ನಿಮಿಷಕ್ಕೆ ಒತ್ತಡ ಕಟ್ಟುತ್ತದೆ, ಇಪ್ಪತ್ತು ನಿಮಿಷ ಬೇಯುತ್ತದೆ, ಆಮೇಲೆ ತಾನೇ ಆರಿ ಬಿಸಿಯಾಗಿಯೇ ಕಾದಿರುತ್ತದೆ. ಎಂಟಕ್ಕೆ ಮುಚ್ಚಳ ತೆಗೆದರೆ ಕಾಳು ಎರಡು ಬೆರಳ ನಡುವೆ ಹಿಸುಕಿದರೆ ನುಣ್ಣಗಾಗುವಷ್ಟು ಬೆಂದು, ಮೇಲೆ ಕಂದು ಬಣ್ಣದ ಕಟ್ಟು ನಿಂತಿರುತ್ತದೆ. ಅದನ್ನು ಬಸಿದುಕೊಂಡು, ಒಂದು ಹಿಡಿ ಕಾಳನ್ನು ಬೆಳ್ಳುಳ್ಳಿ, ತೆಂಗಿನಕಾಯಿ, ಸಾರಿನ ಪುಡಿ, ಹುಣಸೆಹಣ್ಣಿನೊಂದಿಗೆ ರುಬ್ಬಿ ಕಟ್ಟಿಗೆ ಬೆರೆಸಿ, ಅದೇ ಪಾತ್ರೆಯಲ್ಲಿ ಹುರಿಯಲೆಂದು ಇರುವ ಸಾಟೆ ಗುಂಡಿ ಒತ್ತಿ ಒಂದು ಕುದಿ ಬರಿಸಿದರೆ ಸಾರು. ಮಿಕ್ಕ ಕಾಳಿಗೆ ಸಾಸಿವೆ, ಈರುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಬಿದ್ದರೆ ಪಲ್ಯ. ಹುಣಸೆಯನ್ನು ಕಾಳು ಬೆಂದ ಮೇಲೆಯೇ ಹಾಕಬೇಕು, ಹುಳಿ ಬಿದ್ದರೆ ಕಾಳು ಬೇಗ ಮೆತ್ತಗಾಗುವುದಿಲ್ಲ. ಒಂಬತ್ತಕ್ಕೆ ಮುದ್ದೆ ಬಸ್ಸಾರಿನ ಊಟ. ಆ ತಟ್ಟೆಯ ಪಕ್ಕದಲ್ಲಿ ಪಾರ್ಸೆಲ್ ಫ್ರೈಡ್ ರೈಸ್ ಇಟ್ಟು ಯಾವುದು ಸತ್ತದ್ದು ಎಂದು ಆರೋಗ್ಯ ಗುರುಗಳೇ ಹೇಳಲಿ.

ಗ್ಯಾಸ್ ಒಲೆಯ ಕುಕ್ಕರೂ ಇದನ್ನೆಲ್ಲ ಮಾಡುತ್ತದಲ್ಲ ಎಂದು ಕೇಳಬಹುದು. ಮಾಡುತ್ತದೆ, ಆದರೆ ಪಕ್ಕದಲ್ಲಿ ಒಬ್ಬರು ಇರಬೇಕು. ಮೂರು ಕೂಗಿಗೆ ಆರಿಸಬೇಕು ಎಂಬ ಅಳತೆ ಒಲೆಯ ಉರಿ, ನೀರಿನ ಪ್ರಮಾಣ, ಕುಕ್ಕರಿನ ಗಾತ್ರ ಬದಲಾದಂತೆ ಬದಲಾಗುತ್ತದೆ. ಮಗುವಿನ ಹೋಂವರ್ಕು ನೋಡುತ್ತಲೋ ಫೋನಿನಲ್ಲಿ ಮಾತಾಡುತ್ತಲೋ ಎಣಿಕೆ ತಪ್ಪಿದರೆ ತಳ ಹಿಡಿಯುತ್ತದೆ. ಎಲೆಕ್ಟ್ರಿಕ್ ಕುಕ್ಕರು ಆ ಕಾವಲಿನಿಂದ ಮನುಷ್ಯರನ್ನು ಬಿಡಿಸುತ್ತದೆ. ಅಮೆರಿಕದ ಅಪಾರ್ಟ್‌ಮೆಂಟುಗಳಲ್ಲಿ ಬದುಕುವ ಭಾರತೀಯರು ಇದನ್ನು ಬೇಗ ಅರಿತರು. ಉರ್ವಶಿ ಪಿತ್ರೆಯವರ ಇಂಡಿಯನ್ ಇನ್‌ಸ್ಟಂಟ್ ಪಾಟ್ ಕುಕ್‌ಬುಕ್ ಹೊರಬಂದದ್ದು 2017ರಲ್ಲಿ. ಕೆನ್ಯಾದಲ್ಲಿ ಇದ್ದಿಲಿನ ಒಲೆಯ ಮೇಲೆ ಗಂಟೆಗಟ್ಟಲೆ ಬೇಯುವ ಕಾಳುಗಳಿಗೆ ಈ ಪಾತ್ರೆ ಎಷ್ಟು ಒದಗುತ್ತದೆಂದು ಸಂಶೋಧಕರು ಮನೆಗಳಲ್ಲೇ ಅಡುಗೆ ಮಾಡಿಸಿ ಅಳೆದಿದ್ದಾರೆ. ಇದರ ನಿಜವಾದ ಶಕ್ತಿ ಕಾಣುವುದು ಕಾಳುಗಳಲ್ಲೇ, ಕರ್ನಾಟಕದ ಊಟ ನಿಂತಿರುವುದೂ ಕಾಳುಗಳ ಮೇಲೆಯೇ.

ಮಾರುವವರು ಹೇಳುವುದನ್ನೂ ಪೂರಾ ನಂಬಬೇಕಿಲ್ಲ. ಹತ್ತು ನಿಮಿಷದ ಬಿಸಿಬೇಳೆಬಾತ್ ಎಂದು ಜಾಹೀರಾತು ಹೇಳಿದರೆ ಒತ್ತಡ ಕಟ್ಟುವ ಹತ್ತು ನಿಮಿಷ, ತಾನಾಗಿ ಇಳಿಯುವ ಹತ್ತು ನಿಮಿಷ ಅದರಲ್ಲಿ ಸೇರಿರುವುದಿಲ್ಲ. ಒಟ್ಟು ಅರ್ಧ ಗಂಟೆಯಾದರೂ ಬೇಕು. ಬೆಲೆ ಸಾಮಾನ್ಯ ಕುಕ್ಕರಿನ ಹಲವು ಪಟ್ಟು. ಕರೆಂಟು ಹೋದರೆ ನಿಲ್ಲುತ್ತದೆ, ಹಾಗಾಗಿ ಹಳ್ಳಿಯ ಮನೆಯಲ್ಲಿ ಗ್ಯಾಸಿನ ಕುಕ್ಕರನ್ನು ಅಟ್ಟಕ್ಕೆ ಹಾಕುವಂತಿಲ್ಲ. ನೊರೆ ಉಕ್ಕುವ ಬೇಳೆಗೆ ಪಾತ್ರೆಯ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಗ್ಯಾಸ್ಕೆಟ್ ಸಡಿಲವಾದರೆ ಬದಲಿಸಬೇಕು. ಒಳಪಾತ್ರೆ ಸ್ಟೀಲಿನದಾಗಿದ್ದರೆ ಹುಣಸೆ, ಟೊಮೆಟೊದ ಚಿಂತೆ ಇರುವುದಿಲ್ಲ. ಈ ಹುಳಿಗಳು ಅಲ್ಯೂಮಿನಿಯಂ ಪಾತ್ರೆಯನ್ನು ತುಸು ಕರಗಿಸುತ್ತವೆ ಎಂಬುದಷ್ಟು ನಿಜ. ಆದರೆ ಅದು ಲೋಹದ ದೋಷ, ಒತ್ತಡದ್ದಲ್ಲ.

ಕರೆಂಟಿನ ಖರ್ಚೂ ಜನ ಹೆದರುವಷ್ಟಿಲ್ಲ. ಎರಡು ಲೀಟರ್ ನೀರನ್ನು ಕುಕ್ಕರಿನೊಳಗಿನ ಶಾಖಕ್ಕೆ ಏರಿಸಲು ಕಾಲು ಯೂನಿಟ್ಟಿನ ಆಸುಪಾಸು ಸಾಕು. ಪಾತ್ರೆಯ ಸುತ್ತ ಕವಚವಿರುವುದರಿಂದ ಒಮ್ಮೆ ಕಾದ ಮೇಲೆ ಆಗಾಗ ಮಾತ್ರ ಕರೆಂಟು ಎಳೆಯುತ್ತದೆ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ 2023ರಲ್ಲಿ ಶುರುವಾದಾಗ 200 ಯೂನಿಟ್ಟಿನ ಮಿತಿಯೊಳಗೆ, ಹಿಂದಿನ ಸರಾಸರಿಯ ಮೇಲೆ ಶೇಕಡ 10ರಷ್ಟು ಹೆಚ್ಚು ಬಳಕೆಗೆ ಅವಕಾಶವಿತ್ತು. ದಿನಕ್ಕೊಂದು ಬೇಳೆ ಬೇಯಿಸಿದರೆ ತಿಂಗಳಿಗೆ ಎಂಟು ಹತ್ತು ಯೂನಿಟ್.

ರುಚಿಯ ಮಾತೊಂದು ಉಳಿದಿದೆ. ಮಡಕೆಯ ಮೀನು ಸಾರಿಗೆ, ಕಟ್ಟಿಗೆ ಒಲೆಯ ಮೇಲೆ ಕುದಿದ ಹುಳಿಗೆ ಅದರದೇ ಸೊಗಸಿದೆ. ಭಾನುವಾರ ಬಿಡುವಿದ್ದವರು, ಮನಸ್ಸಿದ್ದವರು ಮಾಡಲಿ. ಆ ಸುಖವನ್ನು ಯಾರೂ ಕಸಿಯಬೇಕಿಲ್ಲ. ಆದರೆ ರುಚಿಯ ಆಯ್ಕೆಯನ್ನು ಆರೋಗ್ಯದ ಕಟ್ಟಳೆಯಾಗಿ ಮಾಡಿ, ದುಡಿದು ಬಂದ ಹೆಣ್ಣಿನ ಮನಸ್ಸಿಗೆ ಅಪರಾಧದ ಭಾವ ತುಂಬುವ ಹಕ್ಕು ಯಾರಿಗೂ ಇಲ್ಲ.

ಪತ್ರಿಕೆಗಳ ಆರೋಗ್ಯ ಅಂಕಣ ಬರೆಯುವವರು 2024ರ ಮಾರ್ಗಸೂಚಿಯ ಎರಡೂ ಮಾತುಗಳನ್ನು ಒಟ್ಟಿಗೆ ಅಚ್ಚು ಹಾಕಲಿ. ಮನೆಯ ಗುಂಪಿಗೆ ಕುಕ್ಕರಿನ ವಿರುದ್ಧದ ಸಂದೇಶ ಕಳಿಸುವ ಮಾವಂದಿರು, ಚಿಕ್ಕಪ್ಪಂದಿರು ಅದನ್ನು ಕಳಿಸುವುದನ್ನು ನಿಲ್ಲಿಸಲಿ. ಕಾಳು ನೆನೆಹಾಕಿ ಗುಂಡಿ ಒತ್ತುವುದನ್ನು ಮನೆಯ ಗಂಡಸರು ಈ ವಾರವೇ ಕಲಿಯಲಿ. ಅದಕ್ಕೆ ಬೇಕಾಗುವುದು ಐದು ನಿಮಿಷ.